ನಿಲ್ಲಲಾರದ ಸಾಲಿಹಾ

ಚುಸ್ತ್ ಊರಿನ ಹೆಂಗಸರು ಸಾಲಿಹಾಗೆ ಇಟ್ಟ ಹೆಸರು ‘ಕೂತವಳು’. ರೊಟ್ಟಿ ಬಡಿಯಲು ಒಲೆಯ ಮುಂದೆ ನಿಲ್ಲಲಾರಳು. ಮದುವೆ ಮನೆಯಲ್ಲಿ ಪಾತ್ರೆ ತೊಳೆಯಲು ಕರೆದರೆ ಅರ್ಧಕ್ಕೇ ಬಿಟ್ಟು ಗೋಡೆಗೊರಗಿ ಕೂತುಬಿಡುತ್ತಾಳೆ. ಸಾವಿನ ಮನೆಯಲ್ಲಿ ಎಲ್ಲರೂ ನಿಂತು ಅಳುವಾಗ ಇವಳೊಬ್ಬಳು ಕೂತು ಅಳುತ್ತಾಳೆ. ಕೂತು ಅತ್ತರೆ ಸತ್ತವರಿಗೆ ಏನು ಕಡಿಮೆಯಾಗುತ್ತದೋ, ಹೇಳುವವರು ಯಾರೂ ಇಲ್ಲ.

ಕೂತವಳ ಕೈ ಮಾತ್ರ ಒಂದು ದಿನವೂ ಸುಮ್ಮನಿದ್ದದ್ದಿಲ್ಲ. ಕರಿಯ ಟೋಪಿಗಳ ಮೇಲೆ ಬಿಳಿ ನೂಲಿನಿಂದ ಮೆಣಸಿನಕಾಯಿ ಕಸೂತಿ ಹಾಕುತ್ತಾಳೆ. ಊರಿನ ಗಂಡಸರು ಅವಳ ಹೊಲಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಹೋಗಿ, ಚಹಾದಂಗಡಿಯಲ್ಲಿ ಕೂತು, ಎರ್ಗಾಶನ ತಂಗಿ ಸಾಲಿಹಾ ಎಂಥ ಮೈಗಳ್ಳಿ ಎಂದು ಮಾತಾಡುತ್ತಿದ್ದರು.

ಹತ್ತೊಂಬತ್ತರಲ್ಲಿ ಅವಳ ಮದುವೆಯಾಯಿತು. ಮಾರನೆಯ ಬೆಳಿಗ್ಗೆ ಹೊಸ ಸೊಸೆ ಮುಸುಕು ಹಾಕಿಕೊಂಡು ಅಂಗಳದಲ್ಲಿ ನಿಂತು, ಹೆಸರು ಕೂಗಿದ ಒಬ್ಬೊಬ್ಬ ನೆಂಟರಿಗೂ ಬಗ್ಗಿ ಬಗ್ಗಿ ಸಲಾಮು ಮಾಡಬೇಕು. ಗಂಡನ ಕಡೆ ನೆಂಟರಿಗೇನೂ ಬರವಿರಲಿಲ್ಲ. ಮಾವಂದಿರು ಮುಗಿದು ಅತ್ತೆಯರ ಸರದಿ ಬರುವಷ್ಟರಲ್ಲಿ ಎದೆ ಡವಗುಟ್ಟಿ, ಕಣ್ಣು ಕತ್ತಲಿಟ್ಟು, ಸಾಲಿಹಾ ಮುಸುಕು ಸಮೇತ ಕುಸಿದಳು. ಯಾರೂ ನೀರು ತರಲಿಲ್ಲ. ಹೆಂಗಸರು ಬೆರಳು ಮಡಚಿ ತಿಂಗಳು ಲೆಕ್ಕ ಹಾಕತೊಡಗಿದರು.

“ಮದುವೆ ನಿನ್ನೆ, ತಲೆಸುತ್ತು ಇವತ್ತು! ತವರಿಂದಾನೇ ತುಂಬ್ಕೊಂಡು ಬಂದಿದಾಳೆ,” ಎಂದಳು ಒಬ್ಬಳು.

ಅದು ಸುಳ್ಳೆಂದು ತಿಳಿದಮೇಲೆ ಯಾರಾದರೂ ತಪ್ಪಾಯಿತು ಎಂದರೇ? ಇಲ್ಲ. ಬಸುರಿ ಅಲ್ಲದಿದ್ದರೆ ಸೋಮಾರಿ, ಅಷ್ಟೇ. ಚಹಾ ಕೊಡಲು ನಿಂತರೆ ಬೀಳುತ್ತಾಳೆ, ಅಂಗಳ ಗುಡಿಸಹೋದರೆ ಬೀಳುತ್ತಾಳೆ, ಮಲಗಿಸಿದರೆ ನೆಟ್ಟಗಾಗುತ್ತಾಳೆ. ನಾಟಕ ಅಲ್ಲದೆ ಇನ್ನೇನು? ವರ್ಷ ತುಂಬುವ ಮೊದಲೇ ಅವಳನ್ನು ಹಾಸಿಗೆ, ಪೆಟ್ಟಿಗೆ ಸಮೇತ ಅಣ್ಣ ಎರ್ಗಾಶನ ಬಾಗಿಲಿಗೆ ತಂದುಬಿಟ್ಟರು.

ಡಾಕ್ಟರರೇನೂ ಕಡಿಮೆಯವರಲ್ಲ. ಮಲಗಿಸಿ ನಾಡಿ ನೋಡಿದರು, ಕೂರಿಸಿ ಬಿ.ಪಿ. ನೋಡಿದರು, ಎಲ್ಲ ಸರಿಯಾಗಿದೆ ಎಂದರು. ಏನೂ ಸಿಗದಾಗ ಬರೆಯುವ ‘ದಿಸ್ತೋನಿಯಾ’ ಎಂಬ ಹೆಸರು ಗೀಚಿದರು. ನಮ್ಮಲ್ಲಿ ಆ ಹೆಸರು ಅಂಟದ ಹೆಂಗಸೇ ಇಲ್ಲ; ತಲೆನೋವಾದರೂ ಅದೇ, ಗಂಡ ಹೊಡೆದರೂ ಅದೇ. ಕುಡಿಯಲು ಯಾವುದೋ ಬೇರಿನ ಹನಿ, ಜೊತೆಗೆ “ಮನಸ್ಸಿಗೆ ಹಚ್ಕೋಬೇಡಮ್ಮಾ” ಎಂಬ ಬುದ್ಧಿಮಾತು. ನಿಂತರೆ ಬೀಳುತ್ತೇನೆ ಎಂದು ಬಾಯಿಬಿಟ್ಟು ಹೇಳುವವಳನ್ನು ಒಮ್ಮೆ ನಿಲ್ಲಿಸಿ ನೋಡೋಣ ಎಂದು ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಹೊಳೆದದ್ದು ತಾಷ್ಕೆಂಟಿನ ಒಬ್ಬ ಎಳೆಯ ಡಾಕ್ಟರಮ್ಮನಿಗೆ. ಟೋಪಿಗಳ ಗಂಟು ಕೊಡಲು ಹೋಗಿದ್ದ ಸಾಲಿಹಾ ರೈಲಿನ ಟಿಕೆಟ್ಟಿಗೆ ಸಾಲಿನಲ್ಲಿ ನಿಂತಿದ್ದಾಗ ಬಿದ್ದು, ಜನ ಅವಳನ್ನು ಆಸ್ಪತ್ರೆಗೆ ಸೇರಿಸಿದ್ದರು. ಡಾಕ್ಟರಮ್ಮ ಅವಳನ್ನು ಹತ್ತು ನಿಮಿಷ ಮಲಗಿಸಿ ನಾಡಿ ಎಣಿಸಿದಳು. ಎಪ್ಪತ್ತೆರಡು.

“ಈಗ ಎದ್ದು ನಿಲ್ಲಿ ಅಕ್ಕ. ಗೋಡೆ ಹಿಡೀಬೇಡಿ. ಬಿದ್ರೆ ನಾನಿದೀನಿ.”

ನಾಡಿ ನೂರ ಮೂವತ್ತು ದಾಟಿತು.

“ಇದು ನಾಟಕ ಅಲ್ಲ ಅಕ್ಕ. ನಾವು ಹೇಳ್ದೆ ತಾನಾಗೇ ಕೆಲಸ ಮಾಡೋ ನರಗಳಿವೆಯಲ್ಲ, ಅವುಗಳ ಕಾಯಿಲೆ. ನಿಂತ ತಕ್ಷಣ ರಕ್ತ ಕಾಲಿಗಿಳಿದುಬಿಡುತ್ತೆ, ನರ ಅದನ್ನ ಮೇಲಕ್ಕೆ ತಳ್ಳಲ್ಲ. ಗುಂಡಿಗೆ ಪಾಪ ಒಂದೇ ಸಮನೆ ಓಡುತ್ತೆ. ಪೂರ್ತಿ ಹೋಗುತ್ತೆ ಅಂತ ಹೇಳಲ್ಲ. ಆದ್ರೆ ಉಪ್ಪು, ನೀರು, ಬಿಗಿ ಕಾಲುಚೀಲ, ಒಂದು ಮಾತ್ರೆ ಇದ್ರೆ ಸುಧಾರಿಸ್ಬಹುದು.”

ಸಾಲಿಹಾಗೆ ಸಮಾಧಾನವಾಗಲಿಲ್ಲ, ಮೈಯೆಲ್ಲ ಉರಿದುಹೋಯಿತು. ಹತ್ತು ನಿಮಿಷದ ಕೆಲಸ! ಒಂದು ಮಂಚ, ಒಂದು ಗಡಿಯಾರ ಇದ್ದರೆ ಸಾಕಿತ್ತು. ಅಷ್ಟನ್ನು ಯಾರೂ ಮಾಡದೆ ಅವಳ ಸಂಸಾರ, ಹುಟ್ಟಬಹುದಾಗಿದ್ದ ಮಕ್ಕಳು, ಮಾನ ಮರ್ಯಾದೆ ಎಲ್ಲ ಮಣ್ಣುಪಾಲಾಗಿತ್ತು.

“ಕಾಯಿಲೆ ಅಂತೆ ಅಣ್ಣ! ನಾನು ಸೋಮಾರಿ ಅಲ್ಲ!” ಎಂದು ಹೊಸ್ತಿಲಲ್ಲೇ ಕೂಗಿಕೊಂಡು ಮನೆಗೆ ಬಂದಳು. ಎರ್ಗಾಶ್ ಹೆಂಡತಿಯ ಮುಖ ನೋಡಿದ. ಅತ್ತಿಗೆ ಅದೀಬಾ ಹೋಗಿ ಬಾಗಿಲು ಹಾಕಿ ಬಂದಳು.

“ಮೆಲ್ಲಗೆ ಮಾತಾಡು ಮಾರಾಯ್ತಿ! ನರದ ಕಾಯಿಲೆ ಅಂತ ಊರಿಗೆ ಗೊತ್ತಾದ್ರೆ ವಂಶದಲ್ಲೇ ಇದೆ ಅಂತಾರೆ. ಆಮೇಲೆ ನನ್ನ ಮಫ್ತುನಾನ ಯಾರು ಕಟ್ಕೋತಾರೆ?”

“ಅಂದ್ರೆ ನಾನು ಸೋಮಾರಿಯಾಗೇ ಇರ್ಬೇಕಾ?”

“ಇಷ್ಟು ವರ್ಷ ಇದ್ದೆಯಲ್ಲ, ಅವಳ ಮದುವೆ ಆಗೋವರೆಗೆ ಇರು. ಸೋಮಾರಿತನ ಯಾರಿಗೂ ಅಂಟಲ್ಲ.”

ಸಾಲಿಹಾಗೆ ಅತ್ತಿಗೆಯ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಆದರೆ ಅಣ್ಣನ ಮಗಳು ಮಫ್ತುನಾ ಅವಳ ಮಡಿಲಲ್ಲೇ ಆಡಿ ಬೆಳೆದ ಹುಡುಗಿ. ಹಲ್ಲು ಕಚ್ಚಿಕೊಂಡು ಒಪ್ಪಿದಳು.

ಮಫ್ತುನಾಗೆ ಗಂಡು ಗೊತ್ತಾಗಿ, ರೊಟ್ಟಿ ಮುರಿಯುವ ದಿನ ಬಂತು. ಗಂಡಿನ ತಾಯಿ ತುರ್ಸುನಾಯ್ ತನ್ನ ಕಡೆಯ ಹೆಂಗಸರನ್ನು ಕಟ್ಟಿಕೊಂಡು ಬಂದು ಹಾಸಿನ ಮೇಲೆ ಕೂತಳು. ಎರಡೂ ಕಡೆಯವರು ಸೇರಿ ರೊಟ್ಟಿ ಮುರಿದರೆ ಮಾತು ಗಟ್ಟಿ, ಮತ್ತೆ ಹಿಂದೆ ಸರಿಯುವಂತಿಲ್ಲ.

“ನಿಮ್ಮ ನಾದಿನಿ ನಾವು ಬಂದ್ರೂ ಏಳ್ಲಿಲ್ಲವಲ್ಲ?” ಎಂದಳು ತುರ್ಸುನಾಯ್.

“ಅವಳನ್ನ ಬಿಡಿ ಅಕ್ಕ, ಹುಟ್ಟಾ ಸೋಮಾರಿ!” ಅದೀಬಾ ನಕ್ಕಳು. “ನಮ್ಮ ಮಗಳು ಹಾಗಲ್ಲ ನೋಡಿ. ಬೆಳಗಿಂದ ನಿಂತ ಕಾಲಲ್ಲೇ ಇದಾಳೆ.”

“ನಮಗೂ ಅಂಥೋಳೇ ಬೇಕು. ನಮ್ಮ ಕಡೆ ನೆಂಟರು ಜಾಸ್ತಿ, ಮೂರು ದಿನ ಸಲಾಮು ಮಾಡಿಸ್ತೀವಿ.”

ಎಲ್ಲರೂ ನಕ್ಕರು. ಸಾಲಿಹಾ ಅದನ್ನೂ ನುಂಗಿಕೊಂಡಳು, ಅಭ್ಯಾಸವಿತ್ತು. ಆಗಲೇ ಅವಳ ಕಣ್ಣು ಚಹಾದ ಬಟ್ಟಲು ಹಿಡಿದು ಬಾಗಿಲ ಬಳಿ ನಿಂತಿದ್ದ ಮಫ್ತುನಾಳ ಮೇಲೆ ಬಿತ್ತು. ಹುಡುಗಿ ಒಂದು ಕಾಲಿಗೆ ಇನ್ನೊಂದು ಕಾಲು ಹೆಣೆದು, ತೊಡೆ ಬಿಗಿಹಿಡಿದು, ಹೆಗಲನ್ನು ಚೌಕಟ್ಟಿಗೆ ಆನಿಸಿದ್ದಳು. ನೋಡಿದವರಿಗೆ ಅದು ನಾಚಿಕೆ. ಸಾಲಿಹಾಗೆ ಅದೇನೆಂದು ಚೆನ್ನಾಗಿ ಗೊತ್ತು. ಬೀಳದಿರಲು ಅವಳೂ ಹಾಗೇ ನಿಲ್ಲುತ್ತಿದ್ದಳು. ಅದನ್ನು ಯಾರೂ ಕಲಿಸುವುದಿಲ್ಲ, ಮೈ ತಾನೇ ಕಲಿಯುತ್ತದೆ. ಹುಡುಗಿಯ ತುಟಿ ಆಗಲೇ ಬಿಳಿಚಿಕೊಂಡಿತ್ತು.

ತುರ್ಸುನಾಯ್ ರೊಟ್ಟಿ ಕೈಗೆತ್ತಿಕೊಂಡಳು.

“ಮಫ್ತುನಾ, ಕೂತ್ಕೋ,” ಎಂದಳು ಸಾಲಿಹಾ.

“ಹಿರಿಯರ ಮುಂದೆ ಕೂರೋದಾ? ನಿಂತ್ಕೊಳೇ!” ಎಂದು ಅದೀಬಾ ಗದರಿದಳು.

“ಕೂತ್ಕೋ ಅಂದೆ!” ಸಾಲಿಹಾ ಎದ್ದೇಬಿಟ್ಟಳು. “ಅಕ್ಕ, ರೊಟ್ಟಿ ಕೆಳಗಿಡಿ. ನಾನು ಸೋಮಾರಿ ಅಲ್ಲ, ನನಗೆ ನರದ ಕಾಯಿಲೆ. ಈ ಹುಡುಗೀಗೂ ಅದೇ ಇರೋ ಹಾಗಿದೆ. ಮೂರು ದಿನ ಬಗ್ಗಿಸಿದ್ರೆ ನಿಮ್ಮ ಅಂಗಳದಲ್ಲೇ ಬೀಳ್ತಾಳೆ, ನೀವು ಬಾಯಿಗೆ ಬಂದಿದ್ದು ಅಂತೀರ. ಕೂತು ಚಹಾ ಕೊಡೋ ಸೊಸೆ ಆಗುತ್ತೆ ಅಂದ್ರೆ ಮುರೀರಿ. ಆಗಲ್ಲ ಅಂದ್ರೆ ಹೋಗಿ!”

ಬಟ್ಟಲು ಬಿದ್ದು ಒಡೆಯಿತು, ಹಿಂದೆಯೇ ಮಫ್ತುನಾ ಕುಸಿದಳು. ತುರ್ಸುನಾಯ್ ರೊಟ್ಟಿಯನ್ನು ಇಡಿಯಾಗಿಯೇ ಇಟ್ಟು, ಶಾಲು ಸರಿಮಾಡಿಕೊಂಡು ಎದ್ದಳು. ಅವಳ ಹಿಂದೆ ಬಂದವರೆಲ್ಲ ಹೊರಟುಹೋದರು.

ಸಾಲಿಹಾ ಹುಡುಗಿಯನ್ನು ಮಲಗಿಸಿ ಕಾಲಡಿಗೆ ದಿಂಬು ಕೊಟ್ಟು, ತನಗೂ ತಲೆ ಸುತ್ತತೊಡಗಿದ್ದರಿಂದ ಪಕ್ಕದಲ್ಲೇ ಕೂತಳು. ಅದೀಬಾಳ ಬಾಯಿಗೆ ತಡೆಯೇ ಇರಲಿಲ್ಲ. “ಮನೆಹಾಳಿ! ನಿನ್ನ ಬಾಳಂತೂ ಹಾಳಾಯ್ತು, ನನ್ನ ಮಗಳದ್ದೂ ಮುಗಿಸಿದೆ. ಗುಂಡುಕಲ್ಲಿನ ಹಾಗಿರೋ ಹುಡುಗಿಗೆ ಇಲ್ಲದ ರೋಗ ಅಂಟಿಸಿದೆಯಲ್ಲೇ!”

ಮಫ್ತುನಾ ಕಣ್ಣು ತೆರೆದಳು.

“ಇಲ್ಲದ್ದಲ್ಲ ಅತ್ತೆ. ಎರಡು ವರ್ಷದಿಂದ ಬೀಳ್ತಾನೇ ಇದೀನಿ. ಅಮ್ಮಂಗೆ ಗೊತ್ತು. ನಿಮಗೆ ಹೇಳಬಾರ್ದು ಅಂತ ಆಣೆ ಹಾಕಿಸ್ಕೊಂಡಿದಾರೆ.”

ಸಾಲಿಹಾ ಅತ್ತಿಗೆಯನ್ನೇ ನೋಡಿದಳು. ಗೊತ್ತಿಲ್ಲದೆ ಆಡಿಕೊಂಡವರನ್ನು ಹೇಗೋ ಕ್ಷಮಿಸಬಹುದಿತ್ತು. ಇವಳು ಹೆತ್ತ ಮಗಳು ಬೀಳುವುದನ್ನು ಕಣ್ಣಾರೆ ಕಂಡೂ ಎರಡು ವರ್ಷ ನಾದಿನಿಯನ್ನು ಸೋಮಾರಿ ಎಂದು ಕರೆದು, ನೆಂಟರನ್ನು ನಗಿಸಿದ್ದಳು.

“ಹೋಗಿ ಅತ್ತಿಗೆ, ಉಪ್ಪು ಹಾಕಿ ನೀರು ತನ್ನಿ,” ಎಂದಳು. “ಈ ಮನೇಲಿ ನಿಲ್ಲಬಲ್ಲ ಹೆಂಗಸು ನೀವೊಬ್ಬರೇ.”