ಗಟ್ಟಿಯಾಗಿ ಓದಿಸುತ್ತಿದ್ದ ಸರ್

ಕಳೆದ ವಾರ ಸೊರಬದ ನಮ್ಮ ಕಾಲೇಜಿನ ಬೀರು ತೆಗೆದಾಗ ಹಳೇ ರೆಕಾರ್ಡ್ ಪುಸ್ತಕಗಳ ಮುಗ್ಗು ವಾಸನೆ ಮೂಗಿಗೆ ಹೊಡೆಯಿತು. ಅದೇ ವಾಸನೆ... ಶಿಕಾರಿಪುರದಲ್ಲಿ ನನಗೆ ಪ್ರೋಗ್ರಾಮ್ ಬರೆಯಲು ಕಲಿಸಿದ ಸರ್ ಅವರ ಕಂಪ್ಯೂಟರ್ ಕ್ಲಾಸಿನದು.

ಅವರ ತಮ್ಮನ ಹೊಲಿಗೆ ಅಂಗಡಿಯ ಮೇಲೆ ಒಂದೇ ಕೋಣೆ, ಆರು ಕಂಪ್ಯೂಟರ್. ಆ ಕ್ಲಾಸೆಂದರೆ ಅವರಿಗೆ ಜೀವ. ಪ್ರೋಗ್ರಾಮನ್ನು ಮೊದಲು ಪುಸ್ತಕದಲ್ಲಿ ಬರೆದು, ಅವರೆದುರು ನಿಂತು ಒಂದೊಂದೇ ಸಾಲು ಗಟ್ಟಿಯಾಗಿ ಓದಬೇಕಿತ್ತು. ಆವರಣ, ಅಲ್ಪವಿರಾಮ ಯಾವುದನ್ನೂ ಬಿಡುವಂತಿರಲಿಲ್ಲ. ಅವರು ಸೂರು ನೋಡುತ್ತಾ ಕೇಳಿಸಿಕೊಂಡು, "ಒಂಬತ್ನೇ ಸಾಲು ಇನ್ನೊಮ್ಮೆ ಓದಮ್ಮ" ಎನ್ನುತ್ತಿದ್ದರು. ತಪ್ಪು ಅಲ್ಲೇ ಇರುತ್ತಿತ್ತು. ಅಬ್ಬಾ, ಏನು ತಲೆಯಪ್ಪ ಇವರದು ಎಂದು ನಾವು ಬೆರಗಾಗುತ್ತಿದ್ದೆವು.

ಓದು ಮುಗಿಸಿ ನಾನೂ ಅಲ್ಲೇ ಕಲಿಸಲು ಸೇರಿದೆ. ಆಗ ಹತ್ತಿತು ಹೊಸದರ ಹುಚ್ಚು. ನಾವು ಪ್ರೋಗ್ರಾಮ್ ಬರೆಯುವ ಈ ನೀಲಿ ಪರದೆಯ ಹಳೇ ಸಾಫ್ಟ್‌ವೇರನ್ನು ಈಗ ಯಾರೂ ಮೂಸಿ ನೋಡುವುದಿಲ್ಲ ಸರ್, ಹೊಸದರಲ್ಲಿ ತಪ್ಪಿದ ಕಡೆ ಅದೇ ಕೆಂಪು ಗೆರೆ ಎಳೆಯುತ್ತದೆ, ಅರ್ಧ ಬರೆದರೆ ಉಳಿದರ್ಧ ತಾನೇ ತೋರಿಸುತ್ತದೆ ಎಂದು ದಿನವೂ ಅವರ ತಲೆ ತಿಂದೆ. ಹೊಸದರ ಬಿಳಿ ಪರದೆ ಕಣ್ಣಿಗೆ ಚುಚ್ಚುತ್ತದೆ ಎಂದರು. ನೆವ ಹೇಳುತ್ತಿದ್ದಾರೆ ಎಂದುಕೊಂಡೆ. ಕೊನೆಗೆ, "ಮಕ್ಕಳಿಗೆ ಒಳ್ಳೇದಾಗ್ತದೆ ಅಂದ್ರೆ ಹಾಕಮ್ಮ" ಎಂದು ಒಪ್ಪಿದರು.

ಒಳ್ಳೆಯದೇನೋ ಆಯಿತು. ಮೂರು ದಿನದ ಪಾಠ ಒಂದೇ ದಿನಕ್ಕೆ ಮುಗಿಯತೊಡಗಿತು. ಕೆಂಪು ಗೆರೆ ನೋಡಿ ಹುಡುಗರು ತಾವೇ ತಿದ್ದಿಕೊಂಡರು; ಓದಿ ಹೇಳುವುದು ಯಾರಿಗೂ ಬೇಕಾಗಲಿಲ್ಲ. ಸರ್ ಸುಮ್ಮನೆ ಬೆಂಚುಗಳ ನಡುವೆ ಓಡಾಡುತ್ತಿದ್ದರು. ಒಂದು ದಿನ ಒಬ್ಬ ಹುಡುಗಿ ತನ್ನ ಪ್ರೋಗ್ರಾಮ್ ನೋಡಲು ಕರೆದಳು. ಪರದೆಯ ತುಂಬ ಕೆಂಪು ಗೆರೆ. ಸರ್ ಬಾಗಿ ನೋಡಿ, "ಸರಿ ಐತಲ್ಲಮ್ಮ, ಮುಂದಿಂದು ಮಾಡು" ಎಂದರು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ... ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಮರುದಿನ ಸರ್ ಕ್ಲಾಸಿನ ಕೀಲಿಕೈ ನನಗೆ ಕೊಟ್ಟು, ತಮ್ಮನ ಅಂಗಡಿಯಲ್ಲಿ ಕೆಲಸವಿದೆ ಎಂದು ಇಳಿದು ಹೋದರು. ಮತ್ತೆ ಮೆಟ್ಟಿಲು ಹತ್ತಲಿಲ್ಲ. ಮುನಿಸಿರಬೇಕು ಎಂದು ನಾನೂ ಕೇಳಲಿಲ್ಲ. ಎರಡು ವರ್ಷಕ್ಕೆ ಕ್ಲಾಸು ಮುಚ್ಚಿತು, ನಾನು ಸೊರಬದ ಕಾಲೇಜಿಗೆ ಕಲಿಸಲು ಬಂದೆ.

ಅವರು ತೀರಿಕೊಂಡರೆಂದು ತಿಳಿದು ಮನೆಗೆ ಹೋದಾಗ ಅವರ ಹೆಂಡತಿ ಹೇಳಿದರು. "ನೀವು ಕಲಿಯಾಕೆ ಬರೋ ಹೊತ್ತಿಗೇ ಅವ್ರಿಗೆ ಸಣ್ಣ ಅಕ್ಷರ ಕಾಣ್ತಿರಲಿಲ್ರೀ. ಗೊತ್ತಾದ್ರೆ ಕ್ಲಾಸಿಗೆ ಯಾರೂ ಬರಲ್ಲ, ಹೇಳಬ್ಯಾಡ ಅಂದಿದ್ರು. ನಿಮ್ಮ ಕೈಲಿ ಓದಿಸಿ ಓದಿಸಿ ದಿನ ದೂಡಿದ್ರು."

ನಮ್ಮ ಓದೇ ಅವರ ಕಣ್ಣಾಗಿತ್ತು. ಅದನ್ನು ನಿಲ್ಲಿಸಿದವಳು ನಾನು.

ಇವತ್ತು ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗಿ, "ಪರದೆ ಮೇಲಿನ ಅಕ್ಷರ ಕಾಣಿಸ್ತಿಲ್ಲ ಮಿಸ್" ಎಂದಳು. ಕೀಬೋರ್ಡಿನ ಎರಡು ಗುಂಡಿ ಒತ್ತಿದೆ, ಅಕ್ಷರಗಳು ಗೇಣುದ್ದ ಆದವು. ಅಷ್ಟೇ ಕೆಲಸ. ಸರ್‌ಗೆ ಹೊಸ ಸಾಫ್ಟ್‌ವೇರಿನ ಅಷ್ಟೆಲ್ಲ ಉಪಯೋಗ ಹೇಳಿದ್ದೆ, ಅದರಲ್ಲಿ ಅಕ್ಷರ ಹೀಗೆ ದೊಡ್ಡದಾಗುತ್ತದೆ ಎಂಬ ಇದೊಂದನ್ನು ಹೇಳಿರಲಿಲ್ಲ. ಇದೂ ಒಂದು ಉಪಯೋಗವೆಂದು ಆಗ ನನಗೆ ಹೊಳೆದೇ ಇರಲಿಲ್ಲ. ಈಗ ಹೊಳೆದು ಏನು ಬಂತು...