ಉಲ್ಲೇಖ ತಿದ್ದುವ ಗುರುಪಾದ

ಗೋಕಾಕ ಬಸ್ ಸ್ಟ್ಯಾಂಡ್ ಬಾಜೂಕಿನ ಝೆರಾಕ್ಸ್ ಅಂಗಡಿಯಲ್ಲಿ ಡಾಕ್ಟರರ ಸಂಶೋಧನಾ ಲೇಖನಗಳ ಕೊನೆಗೆ ಬರುವ, ಆಧಾರವಾಗಿ ಬಳಸಿದ ಲೇಖನಗಳ ಉಲ್ಲೇಖಪಟ್ಟಿ ತಿದ್ದಿಕೊಡುವ ಗುರುಪಾದನಿಗೆ ಕೂತಲ್ಲಿ ಕೂತಿರಲು ಬರುವುದಿಲ್ಲ. ಅಲ್ಪವಿರಾಮ ಇರಬೇಕಾದಲ್ಲಿ ಚುಕ್ಕಿ ಕಂಡರೆ ಎದ್ದು ನಿಲ್ಲುತ್ತಾನೆ, ಇಸವಿ ತಪ್ಪಿದ್ದರೆ ಬಾಗಿಲ ತನಕ ಹೋಗಿ ಬರುತ್ತಾನೆ, ಲೇಖಕರ ಹೆಸರೊಂದು ಬಿಟ್ಟುಹೋಗಿದ್ದರಂತೂ ಕುಡಿಯುತ್ತಿದ್ದ ಚಹಾ ಅಲ್ಲೇ ಬಿಟ್ಟು, ಲೇಖನ ಕೊಟ್ಟ ಹುಕ್ಕೇರಿಯ ಡಾಕ್ಟರರಿಗೆ ಅವರು ಪೇಶಂಟ್ ನೋಡುವ ಹೊತ್ತಿನಲ್ಲೇ ಫೋನ್ ಹಚ್ಚುತ್ತಾನೆ: "ಸರ್, ಪಾಪ, ಅಂವನೂ ಕಷ್ಟಪಟ್ಟು ಬರದಾನ್ರಿ!" ಪಟ್ಟಿಯಲ್ಲಿರುವ ಪ್ರತಿ ಲೇಖನವನ್ನೂ ತೆರೆದು ಪುಟಸಂಖ್ಯೆ ನೋಡದೆ ಬಿಡುವವನಲ್ಲ. ಮೊನ್ನೆ ಮೂಡಲಗಿಯ ಡಾಕ್ಟರ್ ಸುಜಾತಾ ಹಾವು ಕಡಿತದ ಮೇಲಿನ ಲೇಖನ ತಂದರು. ವೈದ್ಯಕೀಯ ಪತ್ರಿಕೆಯವರು ಮೂವತ್ತಕ್ಕಿಂತ ಹೆಚ್ಚು ಉಲ್ಲೇಖ ಬೇಡವೆಂದಿದ್ದರು, ಇವರದು ಮೂವತ್ತೊಂದಾಗಿತ್ತು. "ನಾಕನೇದು ಭಾಳ ಹಳೇದೈತಿ, ತಗದಬಿಡ್ರಿ," ಎಂದರು. ಗುರುಪಾದ ಎದ್ದ, ಕೂತ, ಮತ್ತೆ ಎದ್ದ. "ಅದೊಂದು ಇರ್ಲಿ ಬಿಡ್ರಿ, ಮೇಡಂ. ಕೊಣ್ಣೂರ ಕಬ್ಬಿನ ಹೊಲದಾಗ ಹಾವು ಕಡದು ಸತ್ತ ಹೆಣ್ಮಗಳು, ವಯಸ್ಸು ಮೂವತ್ತೆರಡು ಅಂತ ಅದರಾಗ ಬರದಾರಲ್ರಿ, ಅಕಿ ನಮ್ಮವ್ವ." ಸುಜಾತಾ ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು, ಅದರಲ್ಲಿದ್ದ, ತಾವೇ ಹಿಂದೆ ಬರೆದಿದ್ದ ಲೇಖನವೊಂದರ ಮೇಲೆ ಗೀಟು ಹೊಡೆದರು.