ಒಂದೇ ದಿನದ ಸ್ವಾತಂತ್ರ್ಯವನ್ನು ಒಪ್ಪದವರು

ಅವರ ಬಲಗೈಯ ತೋರುಬೆರಳು ನಡುಗೆಣ್ಣಿನಲ್ಲಿ ಸೊಟ್ಟಗಾಗಿತ್ತು. ಎದುರಿನವನತ್ತ ಚಾಚಿದರೆ ಅದು ಪಕ್ಕದವನನ್ನು ತೋರಿಸುತ್ತಿತ್ತು. ಮಾತು ಮಾತ್ರ ತಗಲಬೇಕಾದವನಿಗೇ ತಗಲುತ್ತಿತ್ತು. ಅತ್ತಾವರದ ನಮ್ಮ ವಸತಿಸಮುಚ್ಚಯದಲ್ಲಿ ನನ್ನ ಮೇಲಿನ ಮನೆ ಅವರದು. ನಿವೃತ್ತ ಇತಿಹಾಸ ಮಾಸ್ತರರು, ಕೊಂಕಣಿ ಮಾತಿನ ಕ್ರೈಸ್ತರು. ನಾನು ಸಂಸ್ಕೃತ ಅಧ್ಯಾಪನದಲ್ಲೂ ದೇವಪೂಜೆಯಲ್ಲೂ ಆಯುಷ್ಯ ಕಳೆದವನು. ನಮ್ಮಿಬ್ಬರಿಗೆ ಎಂದೂ ಸರಿಬರಲಿಲ್ಲ. ತೀರಿಕೊಂಡವರ ವಿಷಯದಲ್ಲಿ ಸವಿಮಾತನ್ನೇ ಆಡಬೇಕೆಂಬ ಶಿಷ್ಟಾಚಾರಕ್ಕಾಗಿ ಇದನ್ನು ಮುಚ್ಚಿಡಲಾರೆ.

ಸ್ವಾತಂತ್ರ್ಯೋತ್ಸವದಂದು ಧ್ವಜಾರೋಹಣದ ಬಳಿಕ ಭಾಷಣ ನನ್ನದೆಂಬುದು ವಾಡಿಕೆ. ಅವರು ಇಲ್ಲಿಗೆ ಬಂದ ಮೊದಲ ವರ್ಷ, "ಈಶ್ವರಾನುಗ್ರಹದಿಂದ ಆ ಒಂದು ಶುಭದಿನ ಭಾರತವೆಲ್ಲವೂ ದಾಸ್ಯದಿಂದ ಮುಕ್ತವಾಯಿತು" ಎಂದೆ. ಮುಂದಿನ ಸಾಲಿನಿಂದ ಅವರು ಎದ್ದರು.

"ನಿಲ್ಲಿ ಭಟ್ರೇ. ಆ ದಿನ ಗೋವೆಯಲ್ಲಿ, ನನ್ನ ಅಮ್ಮನ ತವರಲ್ಲಿ, ಪೋರ್ಚುಗೀಸರ ಬಾವುಟ ಇತ್ತು. ಮತ್ತೂ ಸುಮಾರು ವರ್ಷ ಇತ್ತು. ಅಜ್ಜಿ ತೀರಿಕೊಂಡಾಗ ಗಡಿ ಬಂದ್, ಅಮ್ಮನಿಗೆ ಹೋಗ್ಲಿಕ್ಕೇ ಆಗ್ಲಿಲ್ಲ. ಒಂದೇ ದಿನ ಅಂತ ಎಂತಕ್ಕೆ ಹೇಳುವುದು ನೀವು?"

ಹಿಂದೆ ಯಾರೋ ನಕ್ಕರು. ನನಗೆ ಮೈ ಉರಿಯಿತು. "ಪೋರ್ಚುಗೀಸರು ನಿಮಗೆ ಹೊರಗಿನವರಾ ಮಾಷ್ಟ್ರೇ?" ಎಂದುಬಿಟ್ಟೆ.

"ನನ್ನ ಸೋದರಮಾವ ಅವರ ಜೈಲಲ್ಲಿ ಇದ್ದದ್ದು. ನಿಮ್ಮ ಮಾವ ಎಲ್ಲಿದ್ರು?"

ನನ್ನ ಮಾವ ದೇವಸ್ಥಾನದಲ್ಲಿ ಗಂಧ ತೇಯುತ್ತಿದ್ದರು. ಕ್ಷಮೆ ಕೇಳದೆ ಭಾಷಣ ಮುಂದುವರಿಸಿದೆ.

ಮರುವರ್ಷ ಸಮಿತಿಯವರು ಭಾಷಣವನ್ನು ಅವರಿಗೊಪ್ಪಿಸಲು ಹೋದರಂತೆ. "ಭಟ್ರೇ ಮಾತಾಡ್ಲಿ ಮಾರಾಯ್ರೇ. ತಪ್ಪಿದ್ರೆ ನಾನುಂಟಲ್ಲ" ಎಂದರಂತೆ. ಇದನ್ನು ಔದಾರ್ಯವೆಂದು ಕೊಂಡಾಡಿದವರುಂಟು. ಇಲಿಯನ್ನು ಬಿಟ್ಟು ಬಿಟ್ಟು ಹಿಡಿಯುವ ಬೆಕ್ಕಿನ ಔದಾರ್ಯವೆಂದು ನನಗೆ ತೋರಿತು.

ಮತ್ತೆ ಸೋಲಬಾರದೆಂಬ ಹಟಕ್ಕೆ ಓದತೊಡಗಿದೆ. ಜೂನ್ ಬಂತೆಂದರೆ ಸಂಧ್ಯಾವಂದನೆ ಮುಗಿಸಿ ಇತಿಹಾಸದ ಹೊತ್ತಗೆಗಳನ್ನು ಬಿಡಿಸುವುದು. ಸಾಮ್ರಾಜ್ಯ ಹೊರಟುಹೋದ ಮಾತ್ರಕ್ಕೆ ದೇಶ ತಾನಾಗಿ ಕೂಡಿಕೊಳ್ಳುವುದಿಲ್ಲ; ಸಂಸ್ಥಾನಗಳನ್ನು ಒಂದೊಂದಾಗಿ ಸೇರಿಸಬೇಕಾಯಿತು, ಸಂವಿಧಾನದ ವಿಧಿವಿಧಿಗೂ ವಾದಿಸಬೇಕಾಯಿತು, ನಮ್ಮ ಜಿಲ್ಲೆಯೇ ಮದರಾಸಿನಿಂದ ಬಿಡಿಸಿಕೊಂಡು ಮೈಸೂರಿನೊಡನೆ ಕೂಡಬೇಕಾಯಿತು. ಇದೆಲ್ಲವನ್ನೂ ನಾನು ದ್ವೇಷದಿಂದಲೇ ಕಲಿತೆ. ಆದರೂ ಪ್ರತಿವರ್ಷ ಒಂದಿಲ್ಲೊಂದು ತಪ್ಪಿಗೆ ಅವರು ಎದ್ದೇ ಎದ್ದರು.

ಲಿಫ್ಟಿನಲ್ಲಿ ಸಿಕ್ಕರೆ ಕೇಳುವರು: "ಈ ಸಲ ಎಂತ ಓದ್ತಾ ಇದ್ದೀರಿ ಭಟ್ರೇ?"

"ನಿಮಗೆಂತಕ್ಕೆ?" ಎಂದು ನಾನು ಗೋಡೆ ನೋಡುತ್ತಿದ್ದೆ.

ಈ ಜುಲೈಯಲ್ಲಿ ತೀರಿಕೊಂಡರು. ಅಂತ್ಯಪ್ರಾರ್ಥನೆಯ ಹೊತ್ತಿಗೆ ಇಗರ್ಜಿಯ ಕೊನೆಯ ಸಾಲಿನಲ್ಲಿ ನಿಂತು ಬಂದೆ. ದುಃಖವಾಯಿತೆಂದರೆ ಸುಳ್ಳಾದೀತು. ಆಗಸ್ಟಿನಲ್ಲಿ, ಹೆದರಬೇಕಾದವರು ಇಲ್ಲದ್ದರಿಂದ, ಏನನ್ನೂ ಓದದೆ ಭಾಷಣಕ್ಕೆ ನಿಂತೆ. ಅರಸರೆಲ್ಲರೂ ಸಂತೋಷದಿಂದ ತಮ್ಮ ಸಂಸ್ಥಾನಗಳನ್ನು ದೇಶಕ್ಕೆ ಅರ್ಪಿಸಿದರೆಂದೆ. ಸಭೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು.

ಸೇನೆ ಕಳಿಸಿ ಸೇರಿಸಬೇಕಾಗಿ ಬಂದ ಹೈದರಾಬಾದು ನೆನಪಾದದ್ದು ಮನೆಗೆ ಬಂದು ಕೈಕಾಲು ತೊಳೆಯುವಾಗ. ಅಷ್ಟು ಜನರಲ್ಲಿ ಒಬ್ಬರೂ ಎದ್ದಿರಲಿಲ್ಲ. ಇಷ್ಟು ವರ್ಷ ನನ್ನ ಮಾತಿಗೆ ನಿಜವಾಗಿ ಕಿವಿಗೊಟ್ಟವರು ಅವರೊಬ್ಬರೇ ಎಂದು ಒಪ್ಪಿಕೊಳ್ಳಲು ನನಗೆ ಇವತ್ತಿಗೂ ಇಷ್ಟವಿಲ್ಲ.